ಸೆರಗಿನಲ್ಲೊಂದು ಹುಳ

ಟ್ರಂಕಿನ ಮುಚ್ಚಳ ಎತ್ತಿದೊಡನೆ ನುಸಿಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಈ ವಾಸನೆ ನಿಮಗೂ ಗೊತ್ತಿರುತ್ತದೆ. ಮದುವೆಮನೆಯಲ್ಲಿ ಹೆಂಗಸರು ಒತ್ತಾಗಿ ಕೂತಾಗ ಮಲ್ಲಿಗೆಯ ಕೆಳಗಿಂದ ಮೆಲ್ಲಗೆ ಏಳುವುದು ಇದೇ. ರೇಷ್ಮೆಯನ್ನು ಕೊಟ್ಟದ್ದು ಒಂದು ಹುಳ, ಅದನ್ನು ತಿನ್ನಲು ಬರುವುದು ಇನ್ನೊಂದು ಹುಳ. ನಡುವೆ ನಾವು ನಾಲ್ಕು ಬಿಳಿ ಗುಳಿಗೆ ಇಟ್ಟು, ಸೀರೆ ನಮ್ಮದು ಅಂದುಕೊಳ್ಳುತ್ತೇವೆ.

ಬರುವ ವಾರ ತಳಕಿನಲ್ಲಿ ನೆಂಟರ ಮದುವೆ. ಅದಕ್ಕೆಂದು ಕೆಂಪು ಸೀರೆ ತೆಗೆದೆ. ತೆಗೆದವಳು ಅಂಚು ನೋಡಲಿಲ್ಲ, ಮಡಿಕೆ ಹರಿದಿದೆಯೇ ಎಂದೂ ನೋಡಲಿಲ್ಲ. ಪ್ರತಿ ಸಲವೂ ಹಾಗೆಯೇ. ಕೈ ನೇರವಾಗಿ ಸೆರಗಿನ ಒಂದು ಜಾಗಕ್ಕೆ ಹೋಗುತ್ತದೆ. ಅಲ್ಲಿ ನವಿಲುಗಳ ನಡುವೆ ಅದು ಇದೆಯೇ ಎಂದು ನೋಡುತ್ತೇನೆ. ನೇಯ್ದದ್ದು ಎದ್ದು ಹೋಗುವುದಿಲ್ಲ, ಗೊತ್ತು. ಆದರೂ ನೋಡುತ್ತೇನೆ.

ಈ ಸೀರೆ ನೇಯ್ದವಳು ಮೊಳಕಾಲ್ಮೂರಿನಲ್ಲಿರುವ ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ. ನಮ್ಮದು ಕುರಿ ಸಾಕುವ ಮಂದಿ. ನೂಲು ಎಂದರೆ ನಮಗೆ ಉಣ್ಣೆಯ ನೂಲು, ನೇಯ್ಗೆ ಎಂದರೆ ಕಂಬಳಿ. ದೊಡ್ಡವ್ವ ಸೇರಿದ ಮನೆಯವರು ಮಾತ್ರ ಹಿಂದಿನ ತಲೆಮಾರಿನಲ್ಲೇ ಕಂಬಳಿ ಬಿಟ್ಟು ರೇಷ್ಮೆ ಕಲಿತಿದ್ದರು. ಮದುವೆಯಾಗಿ ಹೋದ ದೊಡ್ಡವ್ವ ಆ ಮನೆಯ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವಳು, ಅಡುಗೆಗೆ ಎದ್ದದ್ದು ಬಿಟ್ಟರೆ ಅಲ್ಲೇ ಕೂತಿದ್ದಾಳೆ ಎಂದು ದೊಡ್ಡಪ್ಪ ಹೇಳುತ್ತಿದ್ದ. ಅಡುಗೆಗೂ ಎಷ್ಟೋ ಸಲ ಅವನೇ ಎದ್ದಿದ್ದಾನೆ. ಅದನ್ನು ಅವನು ಹೇಳುತ್ತಿರಲಿಲ್ಲ.

ನನ್ನ ಮದುವೆ ಗೊತ್ತಾದಾಗ ದೊಡ್ಡವ್ವ, ಗಂಡನ ಮನೆ ತುಂಬುವ ದಿನ ನಾನು ಉಡಬೇಕಾದ ಸೀರೆ ತನ್ನದೇ ಎಂದಳು. ಸೀರೆಯ ಮೈಯನ್ನು ಅವಳೊಬ್ಬಳೇ ನೇಯ್ದಳು. ಸೆರಗಿನಲ್ಲಿ ಕೈಯಿಂದ ನವಿಲಿನ ಬುಟ್ಟಾ ಎತ್ತುವುದಕ್ಕೆ ಇನ್ನೊಂದು ಜೊತೆ ಕೈ ಬೇಕು. ಜರಿ ಸುತ್ತಿದ ಪುಟ್ಟ ಕಂಡಿಕೆಗಳನ್ನು ಎಳೆಗಳ ನಡುವೆ ತೂರಿಸುತ್ತ, ಪಕ್ಕದವರಿಂದ ಇಸಿದುಕೊಳ್ಳುತ್ತ ಸಾಗಬೇಕು. ಅವಳ ಜೊತೆ ಕೂರುತ್ತಿದ್ದ ವಾರಗಿತ್ತಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಹಾಗಾಗಿ ಮದುವೆ ಹತ್ತಿರ ಬಂದ ಹೊತ್ತಿನಲ್ಲಿ ಮದುಮಗಳೇ ಚಳ್ಳಕೆರೆಯಿಂದ ಬಸ್ಸು ಹತ್ತಿ ತನ್ನ ಸೀರೆಗೆ ಕೂಲಿಯಾಳಾಗಿ ಬಂದಳು.

ಬರುವಾಗ ನನ್ನ ಜೊತೆ ಒಂದು ಹೆದರಿಕೆಯೂ ಬಸ್ಸು ಹತ್ತಿತ್ತು. ಅದು ನನ್ನ ಅತ್ತೆಯಾಗಲಿರುವವರದ್ದು. ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ, ಅಂದರೆ ಊರಾಚೆಯ ಹುಲ್ಲುಬಯಲಿನಲ್ಲಿ, ಕುರಿ ಕಾಯ್ದ ಹೆಂಗಸು. ನಿಶ್ಚಿತಾರ್ಥದ ದಿನ ನಮ್ಮವರು ಕೊಟ್ಟ ಸೀರೆಯನ್ನು ಎಲ್ಲರೆದುರು ತಿರುಗಿಸಿ ಒಳಮೈ ನೋಡಿ, ಹೆಬ್ಬೆರಳಿನಲ್ಲಿ ಉಜ್ಜಿ, "ಇಲ್ಲೊಂದು ಗಂಟು ಐತೆ" ಎಂದಿದ್ದರು. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಗಂಟು ಇತ್ತು, ಇದೆ ಎಂದರು, ಅಷ್ಟೇ. ಅಷ್ಟಕ್ಕೇ ನನ್ನ ಅವ್ವನಿಗೆ ಆ ದಿನ ಊಟ ಸೇರಲಿಲ್ಲ. ಇನ್ನು ಬದುಕಿಡೀ ಆ ಹೆಬ್ಬೆರಳಿನ ಕೆಳಗೆ ಇರಬೇಕಲ್ಲ ಎಂದು ನನಗೆ ನಿದ್ದೆ ಸೇರಲಿಲ್ಲ.

ಹೆದರಿಕೆಯಿಂದ ತಪ್ಪಿಸಿಕೊಳ್ಳಲು ಜನ ದೇವರ ನಾಮ ಹೇಳುತ್ತಾರೆ. ನಾನು ಫೋನಿನಲ್ಲಿ ಜಪಾನಿನವರ ಕಾರ್ಟೂನು ನೋಡುತ್ತಿದ್ದೆ. ಕಾರ್ಟೂನು ಎಂದರೆ ನನ್ನ ತಮ್ಮ ಸಿಟ್ಟಾಗುತ್ತಾನೆ, ಅನಿಮೆ ಎನ್ನಬೇಕಂತೆ. ಅದರಲ್ಲಿ ಲೋಕ ಮುಗಿದುಹೋಗಿದೆ. ಬಸ್ಸಿನಷ್ಟು ದೊಡ್ಡ ಹುಳಗಳು ಭೂಮಿಯನ್ನೆಲ್ಲ ಹಿಡಿದಿವೆ. ಉಳಿದ ಮನುಷ್ಯರು ಒಂದು ಹಳೆಯ ಅಣೆಕಟ್ಟಿನ ಹೊಟ್ಟೆಯೊಳಗೆ, ಎತ್ತರದ ಗೋಡೆಗಳ ಹಿಂದೆ, ಕತ್ತಲಲ್ಲಿ ಬದುಕುತ್ತಾರೆ. ಬೆಳಕು ಕಂಡರೆ ಹುಳಗಳು ಬರುತ್ತವೆ. ಕತ್ತರಿಸಿದ ಕೂದಲಿನ ಒಬ್ಬ ಹುಡುಗಿ ಅವುಗಳ ಮೇಲೆ ಯುದ್ಧಕ್ಕೆ ಹೋಗುತ್ತಾಳೆ. ನೋಡುತ್ತಿದ್ದರೆ ನನ್ನ ಅತ್ತೆಯವರು ಸ್ವಲ್ಪ ಚಿಕ್ಕವರಾಗಿ ಕಾಣುತ್ತಿದ್ದರು.

ಮಗ್ಗದ ಕಂಬಕ್ಕೆ ಫೋನು ಒರಗಿಸಿಟ್ಟು ನೋಡುತ್ತ ಕಂಡಿಕೆ ಕೊಡುತ್ತಿದ್ದೆ. ದೊಡ್ಡವ್ವ ಮೊದಮೊದಲು ತಲೆ ಎತ್ತಲಿಲ್ಲ. ಆಮೇಲೊಮ್ಮೆ, "ಆ ಹುಡ್ಗಿ ಯಾಕೆ ಅಳ್ತೈತೆ?" ಎಂದಳು. ಹೇಳಿದೆ. ಮರುದಿನ ನಾನು ಕೂರುವ ಮೊದಲೇ, "ಹಾಕು ಅದನ್ನ" ಎಂದಳು. ಮಾತು ಜಪಾನಿನದು, ಕೆಳಗೆ ಬರುವ ಅಕ್ಷರ ಇಂಗ್ಲಿಷಿನದು, ನಾನು ಹೇಳುವುದು ಕನ್ನಡದಲ್ಲಿ, ದೊಡ್ಡವ್ವ ಮರುಗುವುದು ತೆಲುಗಿನಲ್ಲಿ. ಹುಳವನ್ನು ಅವಳು ಪುರುಗು ಎಂದೇ ಕರೆಯುತ್ತಿದ್ದಳು. ಆ ಬೀದಿಯಲ್ಲಿ ಎರಡು ನುಡಿಗಳು ಒಂದೇ ಬಾಯಲ್ಲಿ ಹೊಂದಿಕೊಂಡು ಇರುತ್ತವೆ.

ಅವಳ ಪ್ರಶ್ನೆಗಳಿಗೆ ಆ ಕತೆ ಮಾಡಿದವರೂ ಉತ್ತರ ಕೊಡಲಾರರು.

"ಹೊಲ ಇಲ್ಲ, ಮನೆ ಇಲ್ಲ. ಉಣ್ಣಾಕೆ ಏನ್ ಮಾಡ್ತಾರೆ?"

"ಅದನ್ನ ತೋರಿಸಿಲ್ಲ ದೊಡ್ಡವ್ವ."

"ಬಟ್ಟೆ? ಎಲ್ರೂ ಗಟ್ಟಿ ಬಟ್ಟೆ ಹಾಕ್ಕಂಡವ್ರೆ. ಅಲ್ಲಿ ಯಾರು ನೇಯ್ತಾರೆ?"

"ಅದನ್ನೂ ತೋರಿಸಿಲ್ಲ."

"ಮುಖ್ಯವಾದ್ದು ಒಂದೂ ತೋರ್ಸಲ್ಲ. ಬರೀ ಬಡಿದಾಟ."

ದೊಡ್ಡಪ್ಪನ ತಕರಾರು ಬೇರೆ. ಮಳೆ ಬಿದ್ದ ಸಂಜೆ ಬಲ್ಬಿಗೆ ರೆಕ್ಕೆಹುಳ ಮುತ್ತುತ್ತವಲ್ಲ, ಆಗ ಅವನು ಮಗ್ಗದ ದೀಪ ಆರಿಸಿ, ಜಗುಲಿಯ ಬಲ್ಬಿನ ಕೆಳಗೆ ಒಂದು ಬೋಗುಣಿ ನೀರು ಇಡುತ್ತಿದ್ದ. ಹುಳಗಳು ನೀರಿನಲ್ಲಿ ಹೊಳೆಯುವ ಬಲ್ಬಿಗೆ ಮರುಳಾಗಿ ಬೀಳುತ್ತಿದ್ದವು. ಒಂದು ಸಂಜೆ ನಮ್ಮ ಹಿಂದೆ ನಿಂತು ಒಂದು ಇಡೀ ಕಂತು ನೋಡಿದ. ಅಣೆಕಟ್ಟಿನ ಗೋಡೆ ಒಡೆಯಿತು, ಊರು ಉರಿಯಿತು, ಹುಡುಗಿಯ ಗೆಳೆಯ ಸತ್ತ. ದೊಡ್ಡಪ್ಪ ಬಾಯೊಳಗಿನ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿ, "ಅಷ್ಟು ಓದಿದ ಜನ, ಒಂದ್ ಬೋಗುಣಿ ನೀರು ಇಡಾಕೆ ತಿಳೀಲಿಲ್ಲ" ಎಂದ.

"ಬಸ್ಸಿನಷ್ಟು ದೊಡ್ಡವು, ದೊಡ್ಡಪ್ಪ."

"ಅಣೆಕಟ್ಟು ಅಂದ್ಯಲ್ಲ. ನೀರಿಗೇನು ಬರ?"

ಅಷ್ಟು ಹೇಳಿ ತನ್ನ ಬೋಗುಣಿ ನೋಡಲು ಜಗುಲಿಗೆ ಹೋದ.

ಇನ್ನು ಹೇಳುವುದನ್ನು ನಿಧಾನವಾಗಿ ಹೇಳುತ್ತೇನೆ; ನಾನು ಕಂಡದ್ದನ್ನಷ್ಟೇ ಹೇಳಬೇಕು. ಸೆರಗಿನಲ್ಲಿ ನವಿಲುಗಳು ಅರ್ಧದವರೆಗೆ ಎದ್ದಿದ್ದವು. ಫೋನಿನಲ್ಲಿ ಮನುಷ್ಯರು ಹುಳಗಳ ಗೂಡನ್ನು ಹುಡುಕಿ ಒಳಗೆ ನುಗ್ಗಿದರು. ಗೂಡಿನ ತುಂಬ ಬಿಳಿ ಮರಿಗಳು. ಬೆಂಕಿ ಹಚ್ಚಿದರು. ತಾಯಿಹುಳ ಓಡಿಹೋಗಬಹುದಿತ್ತು, ದಾರಿ ಇತ್ತು. ಅದು ಹೋಗಲಿಲ್ಲ. ಮರಿಗಳ ಮೇಲೆ ಮೆಲ್ಲಗೆ ಬಾಗಿ, ಕಾಲುಗಳನ್ನೆಲ್ಲ ಸುತ್ತಲೂ ನೆಟ್ಟು, ಹಾಗೇ ಉರಿಯಿತು. ಸದ್ದು ಮಾಡಲಿಲ್ಲ. ಕೂದಲು ಕತ್ತರಿಸಿದ ಹುಡುಗಿ ಬೆಂಕಿಯ ಕೊಳವೆ ಹಿಡಿದು ನೋಡುತ್ತ ನಿಂತಳು.

ಮಗ್ಗದ ಸದ್ದು ನಿಂತಿತ್ತು. ಅದು ಯಾವಾಗ ನಿಂತಿತು ಎಂದು ನನಗೆ ತಿಳಿಯಲಿಲ್ಲ. ನಿಂತಿದೆ ಎಂದು ತಿಳಿಯಿತು. ದೊಡ್ಡವ್ವನ ಬೆರಳುಗಳ ನಡುವೆ ಕಂಡಿಕೆ ಹಾಗೇ ಇತ್ತು. ಮನೆಯ ಎಲ್ಲ ಮಾತಿನ ಕೆಳಗೂ ಸದಾ ಇರುತ್ತಿದ್ದ ಆ ಟಕಟಕ ಈಗ ಇರಲಿಲ್ಲ.

"ಪಾಪಂ," ಎಂದಳು. ಆಮೇಲೆ ಕೈಯಲ್ಲಿದ್ದ ಕಂಡಿಕೆಯನ್ನು ತಿರುಗಿಸಿ ನೋಡುತ್ತ, "ಇವೇ ಅಲ್ವೇನೆ ನಮ್ಗೆ ಅನ್ನ ಹಾಕಿದ್ದು. ಬಿಸಿನೀರಾಗೆ ಹಾಕಿ ನೂಲು ತೆಗಿತಾರೆ, ನಾವು ನೇಯ್ತೀವಿ. ಒಂದಿನ ಎದ್ದು ಬಂದು ಕೇಳಿದ್ರೆ ಏನ್ ಹೇಳೋದು?"

"ರೇಷ್ಮೆಹುಳ ಅಷ್ಟು ದೊಡ್ಡವಲ್ಲ ದೊಡ್ಡವ್ವ."

"ಕೇಳಾಕೆ ದೊಡ್ಡವಾಗ್ಬೇಕೇನು?"

ಮತ್ತೆ ಕಾಲು ಆಡಿಸಿದಳು. ಲಾಳಿ ಓಡಿತು. ನಾನು ಮುಂದಿನ ಕಂತು ಹಾಕಿದೆ. ಇಬ್ಬರೂ ಕತ್ತಲಾಗುವವರೆಗೂ ನೇಯ್ದೆವು.

ಬೆಳಿಗ್ಗೆ ಬಿಸಿಲು ಮಗ್ಗದ ಮೇಲೆ ಬಿದ್ದಾಗ ದೊಡ್ಡವ್ವ, "ಬಾ ಇಲ್ಲಿ" ಎಂದಳು. ನವಿಲುಗಳ ಸಾಲಿನ ನಡುವೆ, ಒಂದು ನವಿಲು ಇರಬೇಕಾದಲ್ಲಿ ಬೇರೇನೋ ಕೂತಿತ್ತು. ಕುತ್ತಿಗೆ ಇರಲಿಲ್ಲ. ಹೊಟ್ಟೆ ಗುಂಡಗೆ ಉಬ್ಬಿತ್ತು. ಗರಿಗೆ ಹೋಗಬೇಕಾದ ಜರಿ ಕೆಳಗಿಳಿದು ಎರಡೂ ಪಕ್ಕಕ್ಕೆ ಕಾಲುಗಳಾಗಿತ್ತು, ಒಟ್ಟು ಆರು. ಅದರ ಮೇಲೆ ನಾಲ್ಕು ಬೆರಳು ಸರಿಯಾದ ನೇಯ್ಗೆ ಆಗಿಹೋಗಿತ್ತು. ಬಿಚ್ಚಿದರೆ ಹಾಸಿನ ಎಳೆಗಳು ಉಜ್ಜಿ ಉಜ್ಜಿ ಕಡಿಯುತ್ತವೆ. ಮತ್ತೆ ಕೂಡಿಸಿ ನೇಯುವಷ್ಟರಲ್ಲಿ ಮದುವೆ ಮುಗಿದಿರುತ್ತದೆ.

ದೊಡ್ಡವ್ವನ ಕೈಯಿಂದ ಕುಂದುಕೊರೆಯಿರುವ ಸೀರೆ ಅದುವರೆಗೆ ಹೊರಗೆ ಹೋದದ್ದಿಲ್ಲ. ಅವಳ ಮುಖದಲ್ಲಿ ಅದು ಕಾಣುತ್ತಿತ್ತು.

"ನಿಮ್ಮತ್ತೆ ಕಣ್ಣಿಗೆ ಬಿದ್ರೆ ಏನ್ ಗತಿ? ದೊಡ್ಡವ್ವ ನೇಯ್ದಿದ್ದು ಅಂತ ಊರೆಲ್ಲ ಹೇಳ್ಕಂಡು ಬಂದೀನಿ. ನೀ ಹೇಳು, ಉಡೋಳು ನೀನು."

ಬಹಳ ಹೊತ್ತು ನೋಡಿದೆ. ನವಿಲುಗಳೆಲ್ಲ ಒಂದೇ ದಿಕ್ಕಿಗೆ, ಶಾಲೆಯ ಮಕ್ಕಳ ಹಾಗೆ ನೋಡುತ್ತಿದ್ದವು. ಅದೊಂದು ಮಾತ್ರ ಕಾಲು ಅಗಲಿಸಿ, ನಾನು ಏಳುವುದಿಲ್ಲ ಎಂಬಂತೆ ಕೂತಿತ್ತು. ಹೆದರಿಕೊಂಡು ಹೊಸ ಮನೆಗೆ ಹೋಗುವವಳಿಗೆ ಅಂಥದೊಂದು ಜೊತೆಯಲ್ಲಿರಲಿ ಅನಿಸಿತು.

"ಇರ್ಲಿ ಬಿಡು ದೊಡ್ಡವ್ವ."

ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದ. "ಸುತ್ತ ಇಷ್ಟು ನವಿಲು ಅದಾವೆ. ನವಿಲು ಹುಳ ತಿಂತಾವೆ. ಅಂಜಬೇಕಾದ್ದು ಅದು. ನೀವ್ಯಾಕೆ ಅಂಜ್ತೀರಿ?"

ಮನೆ ತುಂಬುವ ದಿನ ದೊಡ್ಡವ್ವ ತಾನೇ ನಿಂತು ಸೀರೆ ಉಡಿಸಿದಳು. ಸೆರಗಿನ ಯಾವ ಮಡಿಕೆ ಯಾವುದರ ಕೆಳಗೆ ಹೋಗಬೇಕೆಂದು ಹಿಂದಿನ ದಿನವೇ ಗೊತ್ತು ಮಾಡಿ, ಪಿನ್ನು ಚುಚ್ಚಿ, "ಕೈ ಮೇಲೆತ್ತಬ್ಯಾಡ, ಜೋರಾಗಿ ನಗಬ್ಯಾಡ" ಎಂದಳು. ನಗುವ ಯೋಚನೆ ನನಗಿರಲಿಲ್ಲ. ಹೊಸಿಲ ಮೇಲಿನ ಅಕ್ಕಿಯ ಸೇರನ್ನು ಕಾಲಿನಿಂದ ಮೆಲ್ಲಗೆ ಉರುಳಿಸಿ ಒಳಗೆ ಹೋದೆ. ನಡುಮನೆಯಲ್ಲಿ ಹೆಂಗಸರು ತುಂಬಿದ್ದರು. ಅತ್ತೆಯವರ ಕಾಲಿಗೆ ಬಗ್ಗಿದೆ. ಬಗ್ಗುವುದೊಂದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಿನ್ನು ಕಳಚಿತು, ಸೆರಗು ಜಾರಿ ಮುಂದೆ ಬಂದು, ಆಶೀರ್ವಾದಕ್ಕೆ ಚಾಚಿದ ಅವರ ಕೈಗೇ ಬಿತ್ತು.

ಹೆಬ್ಬೆರಳು ಅದರ ಮೇಲೆ ನಿಂತಿತು. ಒಮ್ಮೆ ಉಜ್ಜಿತು.

"ಇದೇನಿದು?"

ಬಾಗಿಲ ಬಳಿಯಿಂದ ದೊಡ್ಡವ್ವ ಎರಡೇ ಹೆಜ್ಜೆಯಲ್ಲಿ ಬಂದಳು. "ಬೀಗರೇ, ತಪ್ಪು ನಂದು ರೀ. ನವಿಲು ಎತ್ತಾಕೆ ಹೋಗಿ ಹಿಂಗಾತು. ಹುಡ್ಗಿದು ಏನೂ ಇಲ್ಲ."

"ನವಿಲು ಅಂದೋರು ಯಾರು?" ಅತ್ತೆ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದು ಉಣುಗು. ಕುರಿ ಕಿವಿಯಾಗೆ ಕಚ್ಚಿಕಂಡು ರಕ್ತ ಕುಡುದು ದಪ್ಪಗಾಗಿರ್ತೈತಲ್ಲ, ಅದೇ. ನಾನು ಹುಟ್ಟಿದಾಗಿಂದ ಕಿತ್ತೀನಿ, ನಂಗೆ ಗೊತ್ತಿಲ್ವಾ?" ಬೆರಳಿನಿಂದ ಕಾಲು ಎಣಿಸಿದರು. "ಆದ್ರೆ ಒಂದ್ ಕೊರೆ ಐತೆ. ಉಣುಗಿಗೆ ಎಂಟು ಕಾಲು. ನೀವು ಎರಡು ಬಿಟ್ಟೀರಿ."

ದೊಡ್ಡವ್ವನ ಕಣ್ಣು ಸಣ್ಣಗಾಯಿತು. ತಪ್ಪು ಒಪ್ಪಿಕೊಳ್ಳಲು ಬಂದವಳು ಅದನ್ನು ಮರೆತಳು.

"ಉಣುಗಲ್ಲ ರೀ ಇದು. ಪುರುಗು. ತಾಯಿಪುರುಗು. ಆರೇ ಕಾಲು, ಸರಿಯಾಗಿ ಐತೆ."

"ಯಾವ ತಾಯಿ?"

ದೊಡ್ಡವ್ವ ಅಲ್ಲೇ ಕೂತಳು. ಅಣೆಕಟ್ಟಿನಿಂದ ಶುರು ಮಾಡಿದಳು. ಗೋಡೆ, ಕತ್ತಲು, ಕೂದಲು ಕತ್ತರಿಸಿದ ಹುಡುಗಿ, ಗೂಡು, ಬೆಂಕಿ. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದಳು. ಆರತಿ ತಟ್ಟೆ ಹಿಡಿದವರು ಹಿಡಿದೇ ನಿಂತರು. ಬಾಗಿದ ನನಗೆ ಏಳು ಎಂದು ಯಾರೂ ಹೇಳದೆ, ನಾನೇ ಎದ್ದು ಗೋಡೆಗೆ ಒರಗಿದೆ. ಮುಗಿದಾಗ ಅತ್ತೆ, "ಬೆಂಕಿ ಹಚ್ಚಿದ್ದು ಸರಿ ಐತೆ" ಎಂದರು.

"ಮರಿ ಇದ್ವಲ್ಲ ರೀ."

"ಉಣುಗಿಗೂ ಮರಿ ಇರ್ತಾವೆ. ಅಂಗಂತ ಕುರಿ ಬಿಡಾಕಾಗ್ತೈತಾ?" ಆಮೇಲೆ ನನ್ನ ಕಡೆ ತಿರುಗಿ, ಮೊಟ್ಟಮೊದಲ ಸಲ ನನ್ನೊಡನೆ ಮಾತಾಡಿದರು: "ಲೇ ಹುಡುಗಿ, ಅದು ಫೋನಾಗೆ ಐತಾ ಈಗ? ನಾ ನೋಡ್ದೆ ನ್ಯಾಯ ಹೇಳಾಕಿಲ್ಲ."

ಹೀಗೆ ನನ್ನ ಹೊಸ ಮನೆಯ ಮೊದಲ ಸಂಜೆ, ಬೀಗಿತ್ತಿಯರಿಬ್ಬರ ನಡುವೆ ಫೋನು ಹಿಡಿದು ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಹೇಳುತ್ತ ಕಳೆಯಿತು. ನನ್ನ ಗಂಡ ಎರಡು ಸಲ ಬಾಗಿಲಿಗೆ ಬಂದು ಇಣುಕಿ ಹೋದದ್ದು ಕಂಡಿತು. ಅಣೆಕಟ್ಟಿನ ಗೋಡೆ ಬಂದಾಗ ಅತ್ತೆ, "ಗೋಡೆ ಇಟ್ರೆ ಮೇಯೋವು ಎತ್ತ ಹೋಗ್ಬೇಕು? ಅದಕ್ಕೇ ಒಡೀತಾವೆ" ಎಂದರು. ಅವರು ಕುರಿ ಮೇಯಿಸುತ್ತಿದ್ದ ಕಾವಲಿಗೂ ಈಗ ಗೋಡೆ ಬಂದಿದೆ, ಕುರಿಗಳನ್ನು ಒಳಗೆ ಬಿಡುವುದಿಲ್ಲ. ಆ ಒಂದು ಮಾತಿನಲ್ಲಿ ಮಾತ್ರ ಅವರು ಹುಳಗಳ ಕಡೆ ಇದ್ದರು.

ಈಗ ಅತ್ತೆ ಚಳ್ಳಕೆರೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಆ ಧಾರಾವಾಹಿಯ ಹೊಸ ಕಂತುಗಳು ಬಂದಾಗ ಮೊಳಕಾಲ್ಮೂರಿನಿಂದ ಫೋನು ಬರುತ್ತದೆ. ಇಬ್ಬರೂ ನನ್ನ ಮೂಲಕವೇ ಜಗಳವಾಡುತ್ತಾರೆ. ದೊಡ್ಡವ್ವ ಹುಳಗಳ ಕಡೆ, ಅತ್ತೆ ಮನುಷ್ಯರ ಕಡೆ. ದೊಡ್ಡಪ್ಪ ಇಂದಿಗೂ ಬೋಗುಣಿಯ ಕಡೆ.

ನಾನು ಸೀರೆ ಬಿಡಿಸಿ ಕೂತಿರುವಾಗ ಅತ್ತೆ ಬಾಗಿಲಿಗೆ ಬಂದು ಮೂಗು ಮುಚ್ಚಿಕೊಂಡರು.

"ಆ ಗುಳಿಗೆ ಯಾಕೆ ಅಷ್ಟೊಂದು ಸುರೀತೀಯ? ಮನೆಯೆಲ್ಲ ನಾತ."

"ಹುಳ ಬೀಳ್ತಾವೆ ಅತ್ತೆ."

"ಎಲ್ಲಿಂದ ಬೀಳ್ತಾವೆ?" ಸೆರಗಿನ ಮೇಲೆ, ಆ ಜಾಗದ ಮೇಲೆಯೇ, ಅದೇ ಹೆಬ್ಬೆರಳು ಇಟ್ಟರು. "ಅಂಥದ್ದು ಒಳಗೆ ಕಾಲೂರಿ ಕುಂತೈತೆ. ಯಾವ ಹುಳಕ್ಕೆ ಧೈರ್ಯ ಐತೆ ಹತ್ರ ಬರಾಕೆ?"

ಅವರು ಹೋದ ಮೇಲೆ ಟ್ರಂಕಿನಲ್ಲಿ ಉಳಿದ ಸೀರೆಗಳನ್ನು ಜೋಡಿಸಿದೆ. ಕೆಂಪು ಸೀರೆ ಇಡುವ ಜಾಗ ಖಾಲಿ ಬಿಟ್ಟೆ. ಅಲ್ಲಿದ್ದ ನಾಲ್ಕು ಗುಳಿಗೆಗಳಲ್ಲಿ ಮೂರನ್ನು ತೆಗೆದು ಹೊರಗೆ ಹಾಕಿದೆ.