ಕಬ್ಬಿನಾಚೆಗೊಂದು ಕೂಗು

ಹೊಳಲಿನ ಕಾಲುವೆಯ ನೀರಿನ ಮಟ್ಟವನ್ನು ರೇಡಿಯೋ ಮೂಲಕ ದೂರದ ಪಂಪ್‌ಹೌಸಿಗೆ ಕಳಿಸುವ ಪೆಟ್ಟಿಗೆ ಕೂರಿಸುತ್ತಿದ್ದೆ. ಮಧ್ಯಾಹ್ನಕ್ಕೆ ಸಾಹೇಬರು ನೋಡಲು ಬರುವವರಿದ್ದರು. ಅಂಕಿಗಳನ್ನು ರೇಡಿಯೋ ಅಲೆಗೇರಿಸಿ ಕಳಿಸುವ ಬಗೆಗೆ ಮಾಡ್ಯುಲೇಶನ್ ಅನ್ನುತ್ತಾರೆ; ಜಂಬಕ್ಕೆ ಅತಿ ವೇಗದ್ದನ್ನೇ ಆರಿಸಿದ್ದೆ. ಆಳೆತ್ತರದ ಕಬ್ಬು ದಾಟುವಷ್ಟರಲ್ಲಿ ಅಂಕಿಗಳೆಲ್ಲ ಕಲಸುಮೇಲೋಗರ.

ಪಕ್ಕದ ಬದುವಿನಲ್ಲಿ ನಿಂತು ಆ ಕಬ್ಬಿನ ಗದ್ದೆಯ ನಿಂಗಮ್ಮ ಗಂಡನನ್ನು ಊಟಕ್ಕೆ ಕರೆದರು: "ಮುದ್ದೇ... ಆರೋಯ್ತದೇ..." ಕಬ್ಬಿನಾಚೆಯಿಂದ "ಬಂದೇ..." ಎಂದು ಉತ್ತರ ಬಂತು.

"ಕೂಗೋವಾಗ ಯಾಕೆ ಅಷ್ಟೊಂದು ಎಳೀತೀರಮ್ಮ?" ಅಂದೆ.

"ಬಿರಬಿರನೆ ಕೂಗುದ್ರೆ ಕಬ್ಬೊಳ್ಗೇ ಸಿಕ್ಕಾಕತದೆ ಕಣಪ್ಪ. ದೂರುಕ್ಕೆ ನಿಧಾನವಾಗೇ ಕೂಗ್ಬೇಕು."

ತೆಪ್ಪಗೆ ನಿಧಾನದ ಮಾಡ್ಯುಲೇಶನ್‌ಗೆ ಇಳಿದೆ. ಪಂಪ್‌ಹೌಸಿನಲ್ಲಿದ್ದ ಗೆಳೆಯ ಫೋನಿನಲ್ಲಿ ಕಿರುಚಿದ: "ಬಂತು ಕಣ್ಲಾ, ಸರ್ಯಾಗ್ ಬಂತು!" ನಾನು ಬದುವಿನ ಮೇಲೇ ಕುಣಿದೆ.

ಸಾಹೇಬರು ಬಂದವರೇ, "ಯಾವ ಲೆಕ್ಕದ ಮೇಲೆ ಇದನ್ನು ಆರಿಸಿದಿರಿ?" ಎಂದು ಕೇಳಿದರು. ನನ್ನ ಬಾಯಲ್ಲಿ ನಿಂಗಮ್ಮ ಕೊಟ್ಟ ಮುದ್ದೆಯಿತ್ತು. ಅದನ್ನೂ ಆದಷ್ಟು ನಿಧಾನವಾಗಿಯೇ ನುಂಗಿದೆ.