ಕೆರೆಯ ತಿರುವಿನಲ್ಲಿ ನಿಲ್ಲಿಸಿದವರು

ಗಾಳಿಗೆ ಬೆನ್ನು ಕೊಟ್ಟು, ಎಡಗೈಯನ್ನು ನೇರವಾಗಿ ಚಾಚಿ ಅವರು ಡ್ರೈವ್‌ವೇಯಲ್ಲಿ ನಿಂತರೆ ಥೇಟು ಟ್ರಾಫಿಕ್ ಪೊಲೀಸರ ಹಾಗೆ ಕಾಣುತ್ತಿದ್ದರು. ತಲೆಗೆ ಕಂದು ಮಂಕಿಕ್ಯಾಪು. ಅದರ ಒಂದು ಬದಿ ಮಾತ್ರ ಮೇಲಕ್ಕೆ ಮಡಚಿರುತ್ತಿತ್ತು; ಹೊರಗುಳಿದ ಆ ಕಿವಿ ಚಳಿಗೆ ಬೀಟ್‌ರೂಟಿನಂತೆ ಕೆಂಪಾಗಿರುತ್ತಿತ್ತು. ಚಾಚಿದ ಕೈ ತೋರಿಸುವ ಕಡೆಯೇ ಬಿರುಗಾಳಿಯ ನಡು ಇರುತ್ತದೆಂದು ಅವರು ವಿವರಿಸುತ್ತಿದ್ದರು. ಶಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನ ನಮ್ಮ ಬೀದಿಯ ಮಕ್ಕಳು ಅವರನ್ನು ವೆದರ್ ಅಂಕಲ್ ಎಂದು ಕರೆದರು. ದೊಡ್ಡವರಿಗೂ ಅದೇ ರೂಢಿಯಾಯಿತು.

ಗದಗದ ಕಡೆಯವರು. ಎಲ್ಕ್ ಗ್ರೋವ್ ವಿಲೇಜಿನ ಸರಕು ಸಾಗಣೆ ಕಂಪನಿಯೊಂದರಲ್ಲಿ, ಯಾವ ದಾರಿಯಲ್ಲಿ ಯಾವ ಹೊತ್ತಿಗೆ ಮಳೆ, ಎಲ್ಲಿಂದ ಹಿಮ ಎಂದು ಟ್ರಕ್ಕಿನವರಿಗೆ ಹೇಳುವುದೇ ಅವರ ಉದ್ಯೋಗವಾಗಿತ್ತು. ನಿವೃತ್ತರಾದ ಮೇಲೆ ಆ ಭಾಗ್ಯ ನಮ್ಮದಾಯಿತು. ಊರಿಗೆಲ್ಲ ಒಂದೇ ಮಾತು ಹೇಳುವ ಪೈಕಿ ಅವರಲ್ಲ. ಹೆದ್ದಾರಿಯಿಂದ ಹೊರಬೀಳುವ ಎಕ್ಸಿಟ್‌ಗಳ ನಂಬರ್ ಹಿಡಿದು ಹೇಳುವರು: "ಮೂವತ್ತನಾಲ್ಕರ ತನಕ ಮಳಿ. ಅಲ್ಲಿಂದ ಮುಂದ ಬಿಳೇದು." ಸಮುದ್ರದಂತಿರುವ ಮಿಶಿಗನ್ ಸರೋವರ ಅವರ ಬಾಯಲ್ಲಿ ಬರೀ 'ಕೆರಿ'. "ಮಾರ್ಚನ್ಯಾಗ ಈ ಕೆರಿ ದಂಡಿ ನಂಬಬಾರ್ದು ನೋಡ್ರಿ. ಮಳಿ, ಗಾಳಿ, ಹಿಮ ಮೂರೂ ಕೂಡಿ ಸಂತಿ ಮಾಡ್ತಾವು."

ಒಂದು ವರ್ಷ, ಭಾರೀ ಹಿಮ ಬೀಳುತ್ತದೆಂಬ ಅವರ ಮಾತು ಕೇಳಿ ಯುಗಾದಿಯ ಊಟವನ್ನೇ ರದ್ದು ಮಾಡಿದೆವು. ಬಿದ್ದದ್ದು ಬರೀ ಮಳೆ. ಹೋಳಿಗೆಗಳೆಲ್ಲ ಮನೆಮನೆಯ ಫ್ರೀಜರ್ ಸೇರಿದವು. "ಅಂಕಲ್, ಇವತ್ತು ಹಪ್ಪಳ ಒಣಗಿಸಬಹುದಾ?" ಎಂದು ಕಂಡಕಂಡವರು ಕಿಚಾಯಿಸುತ್ತಿದ್ದರು. ಮುಂದಿನ ಕೂಟದಲ್ಲಿ ಅವರೇ ಮೈಕ್ ಹಿಡಿದರು. "ಹಿಮ ಬಿತ್ತು. ಇಲ್ಲಿಂದ ಹದಿನೈದ ಮೈಲಿ ಪಶ್ಚಿಮಕ್ಕ ಬಿತ್ತು. ತಪ್ಪಿದವ ನಾನು, ಕೆರಿ ಅಲ್ಲ. ಹೋಳಿಗಿ ಬಿಸಿ ಮಾಡ್ಕೊಂಡು ತಿನ್ರಿ." ಅಷ್ಟು ಹೇಳಿ ಇಳಿದರು.

ಮರುವರ್ಷದ ಮಾರ್ಚ್. ಡೆಟ್ರಾಯಿಟ್ ಹತ್ತಿರದ ರಾಚೆಸ್ಟರ್ ಹಿಲ್ಸ್‌ನಲ್ಲಿರುವ ನನ್ನ ತಂಗಿಗೆ ಶುಕ್ರವಾರ ಬೆಳಗ್ಗೆ ಏಳಕ್ಕೆ ಸಿಸೇರಿಯನ್ ಎಂದು ನಿಗದಿಯಾಗಿತ್ತು. ವೀಸಾ ಸ್ಟಾಂಪಿಂಗ್‌ಗೆಂದು ಬೆಂಗಳೂರಿಗೆ ಹೋದ ಅವಳ ಗಂಡ ಪಾಸ್‌ಪೋರ್ಟ್ ಕೈಗೆ ಬಾರದೆ ಅಲ್ಲೇ ಸಿಕ್ಕಿಕೊಂಡಿದ್ದರು. ನಾನು ಗುರುವಾರ ವಿಮಾನದಲ್ಲಿ ಹೋಗಬೇಕಿತ್ತು. ಅವತ್ತು ಬೆಳಗ್ಗೆ ಎದ್ದು ನೋಡಿದರೆ ವಿಮಾನ ರದ್ದು, ಬಿರುಗಾಳಿ.

ತಂಗಿ ಫೋನಿನಲ್ಲಿ, "ಅಕ್ಕಾ, ರಿಸ್ಕ್ ತಗೋಬೇಡ. ನಾನು ಹೇಗೋ ಮ್ಯಾನೇಜ್ ಮಾಡ್ತೀನಿ," ಎಂದಳು. ಹಾಗನ್ನುವಾಗ ಅವಳ ದನಿ ಕೇಳಬೇಕಿತ್ತು. ಸರೋವರದ ದಕ್ಷಿಣದ ತುದಿ ಬಳಸಿ ಕಾರಿನಲ್ಲಾದರೂ ಹೋಗಬಹುದೇ ಎಂದು ಕೇಳಲು ನಾನು ಚಪ್ಪಲಿಯಲ್ಲೇ ವೆದರ್ ಅಂಕಲ್ ಮನೆಗೆ ಓಡಿದೆ. ನನ್ನ ಗಂಡನೂ ಹಿಂದೆಯೇ ಬಂದರು.

ಅಂಕಲ್ ಹೊರಗೆ ಬಂದು ನಿಂತು, ಕೈ ಚಾಚಿ, ಆಮೇಲೆ ಲ್ಯಾಪ್‌ಟಾಪ್ ನೋಡಿ ಹೇಳಿದರು: "ಈಗ ಬಿಟ್ಟರ ಹೋಗಬಹುದು ಯವ್ವಾ. ಗಾಳಿ ಈಶಾನ್ಯದಿಂದ ಕೆರಿ ಮ್ಯಾಲ ಹಾಸಿ ಬರಾಕತ್ತೇತಿ. ಕೆರಿ ನೀರು ಒಂಚೂರು ಬೆಚ್ಚಗ ಐತಿ, ಅದಕ್ಕ ದಂಡಿಗುಂಟ ಮಳೀನ. ಮಧ್ಯಾಹ್ನ ಒಂದು ಗಂಟೇಕ ಗಾಳಿ ಉತ್ತರಕ್ಕ ತಿರಗತೈತಿ. ಆವಾಗ ಕೆರಿ ಉದ್ದಕ್ಕೂ ಹಿಮ ಹೊತಗೊಂಡು ಬಂದು ದಕ್ಷಿಣದ ತಿರುವಿನಾಗ ಸುರೀತೈತಿ. ಅಷ್ಟರಾಗ ಆ ತಿರುವು ದಾಟಿಬಿಡಬೇಕು."

"ಅಂಕಲ್, ಹೋಳಿಗೆ ಥರ ಆಗಲ್ಲ ತಾನೇ?" ಎಂದರು ನನ್ನ ಗಂಡ.

ಅಂಕಲ್ ಒಳಗೆ ಹೋದರು. ಬರುವಾಗ ಕೈಯಲ್ಲಿ ಬ್ಯಾಗಿತ್ತು. "ನಾನೂ ಬರ್ತೀನಿ. ನಾ ಹೇಳಿದ ಮಳ್ಯಾಗ ನಾನೂ ತೊಯ್ಬೇಕಲಾ?"

"ಎಪ್ಪತ್ತೆರಡು ತುಂಬ್ಯಾವು, ನೆಪ್ಪೈತಿಲ್ಲೋ?" ಎಂದು ಆಂಟಿ ಒಳಗಿಂದಲೇ ಗದರಿದರು. ಗದರುತ್ತಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ತಂದು ನನ್ನ ಕೈಗಿಟ್ಟರು.

ಮಕ್ಕಳನ್ನು ಗಂಡನಿಗೆ ಒಪ್ಪಿಸಿ ಹೊರಟೆ. ಶಿಕಾಗೋ ದಾಟುವವರೆಗೂ ಹೇಳಿದಂತೆಯೇ ಮಳೆ. ಗಾಳಿ ಕಾರನ್ನು ಪಕ್ಕಕ್ಕೆ ನೂಕುತ್ತಿತ್ತು. ಅಂಕಲ್ ಏನೇನೋ ಕಥೆ ಹೇಳುತ್ತ ನನ್ನ ಗಮನ ತಪ್ಪಿಸುತ್ತಿದ್ದರು. ಹನ್ನೊಂದೂಕಾಲರ ಸುಮಾರಿಗೆ, ಸರೋವರದ ತಿರುವಿನ ನಟ್ಟನಡುವೆ, ಅವರ ಕಥೆ ಅರ್ಧಕ್ಕೇ ನಿಂತಿತು. ರಸ್ತೆ ಬದಿಯ ಕಾರು ಮಾರುವ ಅಂಗಡಿಯ ದೊಡ್ಡ ಬಾವುಟವನ್ನು ನೋಡುತ್ತಿದ್ದರು. ಗಾಜಿನ ಮೇಲೆ ಹನಿಯ ಬದಲು ರವೆಯಂಥದ್ದು ಸಿಡಿಯತೊಡಗಿತು.

"ಯವ್ವಾ, ನಾ ತಪ್ಪಿದೆ. ಮುಂದಿನ ಎಕ್ಸಿಟ್ ತಗೋ."

ನನಗೆ ಸಿಟ್ಟು ನೆತ್ತಿಗೇರಿತು. "ಒಂದು ಗಂಟೆವರೆಗೂ ಟೈಮ್ ಇದೆ ಅಂದ್ರಲ್ಲ ಅಂಕಲ್! ಈಗ ನಿಂತ್ರೆ ಇಲ್ಲೇ ಸಿಕ್ಕಾಕೊಳ್ತೀವಿ. ಅಲ್ಲಿ ಅವಳು ಒಬ್ಬಳೇ ಇದಾಳೆ!"

"ಅಂದಿದ್ದೆ. ಈಗ ಬ್ಯಾರೆ ಅಂತೀನಿ. ಗಾಳಿ ಮೊದಲ ತಿರಗೇತಿ. ಇನ್ನ ಹತ್ತು ನಿಮಿಷಕ್ಕ ನಿನಗ ನಿನ್ನ ಬಾನೆಟ್ ಸೈತ ಕಾಣಂಗಿಲ್ಲ."

ಈಗಷ್ಟೇ ತಪ್ಪಿದೆ ಎಂದವರ ಮಾತನ್ನು ಯಾವ ಧೈರ್ಯದ ಮೇಲೆ ನಂಬುವುದು? ಕಾಲು ಆಕ್ಸಿಲರೇಟರ್ ಮೇಲೇ ಇತ್ತು. ಎಕ್ಸಿಟ್ಟಿನ ಬೋರ್ಡು ಬಂತು, ಹತ್ತಿರವಾಯಿತು, ಇನ್ನೇನು ಕೈಬಿಟ್ಟು ಹೋಗುತ್ತದೆ ಎನ್ನುವಾಗ ಬಲಕ್ಕೆ ತಿರುಗಿಸಿದೆ.

ಡೋನಟ್ ಅಂಗಡಿಯೊಂದರಲ್ಲಿ ಕುಳಿತೆವು. ನಾನು ಕಾಫಿ ತರುವಷ್ಟರಲ್ಲಿ ಎದುರಿನ ಪೆಟ್ರೋಲ್ ಬಂಕು ಮಾಯ. ಗಾಜಿನಾಚೆ ಬರೀ ಬಿಳಿ ಗೋಡೆ. ತಂಗಿಗೆ ಫೋನ್ ಮಾಡಿ, "ಬರ್ತೀನಿ ಕಣೇ, ಲೇಟಾಗುತ್ತೆ ಅಷ್ಟೇ," ಎಂದೆ. ಯಾವಾಗ ನಿಲ್ಲುತ್ತೆ ಎಂದು ಅಂಕಲ್ ಅವರನ್ನು ಕೇಳಿದೆ. "ಈಗ ಗಂಟಿ ಹೇಳಂಗಿಲ್ಲವ್ವಾ. ನೋಡ್ಕೋತ ಕುಂದ್ರೂಣು," ಎಂದು ರೊಟ್ಟಿ ಮುರಿದು ಮುಂದಿಟ್ಟರು. ಹತ್ತು ನಿಮಿಷಕ್ಕೊಮ್ಮೆ ಹೊರಗೆ ಹೋಗಿ, ತಲೆಯಾಡಿಸುತ್ತ ಬರುವರು. ಮೂರು ಗಂಟೆ ಕಾಲ ಹೀಗೇ. ಎರಡೂವರೆಯ ಹೊತ್ತಿಗೆ ಹುಬ್ಬಿನ ತುಂಬ ಹಿಮ ಹೊತ್ತು ಬಂದರು: "ಗಾಳಿ ಸಡ್ಲಾತು. ಹಿಮ ತೆಗ್ಯೂ ಟ್ರಕ್ಕು ಹೋತು. ಅದರ ಬೆನ್ನ ಹಿಡಿ, ನಡಿ."

ಅದರ ಹಿಂದೆಯೇ ಮೂವತ್ತು ಮೈಲಿ ವೇಗದಲ್ಲಿ ಹೋದೆವು. ಎರಡೂ ಕಡೆಯ ಇಳಿಜಾರಿನಲ್ಲಿ ಕಾರುಗಳು ಅಡ್ಡಾದಿಡ್ಡಿ ಜಾರಿ ಬಿದ್ದಿದ್ದವು. ಹನ್ನೊಂದರವರೆಗೆ ಎಣಿಸಿ ಬಿಟ್ಟುಬಿಟ್ಟೆ. ಕಲಮಜೂ ಊರು ದಾಟಿದ ಮೇಲೆ ರಸ್ತೆ ಬರೀ ಒದ್ದೆ. ಆಗ ನನಗೆ ಅಳು ಬಂತು. "ಅಳು, ಆದರ ಗಾಡಿ ನೆಟ್ಟಗ ಹೊಡಿ," ಎಂದರು ಅಂಕಲ್.

ತಂಗಿ ಬಾಗಿಲು ತೆಗೆದವಳು ಹೊಟ್ಟೆಯನ್ನು ಒಂದು ಬದಿಗೆ ಮಾಡಿಕೊಂಡು ನನ್ನನ್ನು ತಬ್ಬಿಕೊಂಡಳು. ಮರುದಿನ ಬೆಳಗ್ಗೆ ಅವಳ ಕೈ ಹಿಡಿದು ಆಪರೇಷನ್ ಕೋಣೆಗೆ ಹೋದೆ. ಮಗು ಕಿರುಚಿದ್ದು ಬೆಂಗಳೂರಿನಲ್ಲಿದ್ದ ಅದರ ಅಪ್ಪನಿಗೂ ಫೋನಿನಲ್ಲಿ ಕೇಳಿಸಿತು.

ಕಳೆದ ವರ್ಷ ಅಂಕಲ್ ತೀರಿಕೊಂಡರು. ತಂಗಿ ಮಗಳನ್ನು ಕರೆದುಕೊಂಡು ಬಂದು ಆಂಟಿಯ ಪಕ್ಕ ಕುಳಿತಳು. ಆಂಟಿ ಆ ಹುಡುಗಿಯ ತಲೆ ನೇವರಿಸುತ್ತ ನನ್ನ ಕಡೆ ತಿರುಗಿದರು.

"ಅವತ್ತ ಮನಿಗೆ ಬಂದು ನಿಮ್ಮ ಅಂಕಲ್ ಕೂಸಿನ ಸುದ್ದೀನೂ ಮೊದಲ ಹೇಳಲಿಲ್ಲವ್ವಾ. 'ತಪ್ಪಿದೆ ಅಂದೆ. ಅಂದ ಮ್ಯಾಲೂ ಆ ಹುಡುಗಿ ನನ್ನ ಮಾತ ಕೇಳಿದ್ಲು ನೋಡು' ಅಂದ್ರು. ನಾಕು ದಿನ ಅದನ್ನ ಹೇಳ್ಕೋತ ಅಡ್ಡ್ಯಾಡಿದ್ರು."

ಆ ಎಕ್ಸಿಟ್ಟನ್ನು ನಾನು ಇನ್ನೇನು ಬಿಟ್ಟು ಮುಂದೆ ಹೋಗುವವಳಿದ್ದೆ ಎಂಬುದನ್ನು ಆಂಟಿಗೆ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಹೇಳಿದ್ದೇನೆ.