ಹಿಮ್ಮೇಳದ ಜಾಗ

ನಮ್ಮಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಕುರುಗೋಡಿನವರು. ಸುತ್ತಲಿನ ಮದುವೆ ಮನೆಗಳಲ್ಲಿ ಸೋಬಾನೆ ಪದ ಹಾಡುತ್ತಾರೆ. ಅವರು ಒಂದು ಸಾಲು ಹಾಡಿ ನಿಲ್ಲಿಸಿದರೆ, ಹಿಂದೆ ಕುಳಿತ ಆರು ಹೆಂಗಸರು ಅದನ್ನೇ ತಿರುಗಿ ಹಾಡುತ್ತಾರೆ. ಅವರ ಗಂಟಲಿನಲ್ಲಿ ಸಣ್ಣ ಗಂಟೊಂದು ಕಂಡಾಗ ಬಳ್ಳಾರಿಯ ಡಾಕ್ಟರು ಆಪರೇಷನ್ ಆಗಬೇಕೆಂದರು. ಆಮೇಲೆ ಕೆಲವು ದಿನ ಪಿಸುಮಾತೂ ಬೇಡ, ಹಾಡಂತೂ ತಿಂಗಳುಗಟ್ಟಲೆ ಬೇಡ ಎಂದರು. ಅಷ್ಟರಲ್ಲಿ ಸಿರುಗುಪ್ಪದ ಒಂದು ಮದುವೆಗೆ ಮೇಳ ಮಾತು ಕೊಟ್ಟಾಗಿತ್ತು. ಹಿಂದಿನ ಆರು ಜನರಿಗೂ ತಿರುಗಿ ಹಾಡುವುದು ಗೊತ್ತು. ಹಾಡು ಎತ್ತಿಕೊಡುವುದು ಒಬ್ಬರಿಗೂ ಗೊತ್ತಿರಲಿಲ್ಲ.

ಆಪರೇಷನ್ನಿಗೆ ಮೊದಲು ದೊಡ್ಡಮ್ಮ ತಮ್ಮ ಫೋನಿನಲ್ಲಿ ಹನ್ನೊಂದು ಪದ ಹಾಡಿ ನನಗೆ ಕಳಿಸಿದರು.

"ಇವು ಎಲ್ಲಾರ ಫೋನಿನಾಗೂ ಬರೂವಂಗ ಮಾಡವ್ವಾ. ಮನ್ಯಾಗ ಕುಂತು ಕಲೀಲಿ," ಎಂದರು. ಅವರ ದನಿ ಆಗಲೇ ಒರಟಾಗಿತ್ತು.

ನಾನು ಬಳ್ಳಾರಿಯಲ್ಲಿ ವೆಬ್‌ಸೈಟ್ ಕಟ್ಟುವವಳು. ಹೆಚ್ಚಾಗಿ ಅಂಗಡಿಗಳಿಗೆ, ಅಕ್ಕಿ ಗಿರಣಿಗಳಿಗೆ. ಈ ಕೆಲಸ ನನಗೆ ಯಾಕೆ ಇಷ್ಟ ಎಂದು ಯಾರಾದರೂ ಕೇಳಿದರೆ ಸರಿಯಾಗಿ ಹೇಳಲು ಬರುವುದಿಲ್ಲ. ಪುಟದಲ್ಲಿ ಒಂದೇ ಸಾಲು ಬರೆದರೆ ಸಾಕು, ಆಡಿಯೊ ಎಂದು; ಯಾವ ಆ್ಯಪ್ ಇಲ್ಲದೆ, ಒಡೆದ ಗಾಜಿನ ಹಳೆಯ ಫೋನಿನಲ್ಲೂ ಹಾಡು ಬರುತ್ತದೆ. ಪೂರ್ತಿ ಬರುವವರೆಗೆ ಕಾಯಬೇಕಾಗಿಲ್ಲ, ನಡುವಿನ ಸಾಲು ಬೇಕೆಂದರೆ ಅಲ್ಲಿಂದಲೇ ತುಂಡು ತುಂಡಾಗಿ ತರಿಸಿಕೊಳ್ಳುತ್ತದೆ. ಇದನ್ನೆಲ್ಲ ಯೋಚಿಸಿಟ್ಟವರು ನನಗೆ ಗೊತ್ತಿಲ್ಲದ ಜನ. ನನ್ನ ದೊಡ್ಡಮ್ಮನ ಹಾಡು ಅವರ ಲೆಕ್ಕದಲ್ಲಿ ಇದ್ದಿರಲಾರದು. ಆದರೂ ಅದಕ್ಕೆ ಅಲ್ಲಿ ಜಾಗವಿತ್ತು.

ದೊಡ್ಡಮ್ಮ ಕಳಿಸಿದ ಹಾಡಿನ ಕಡತಗಳು ಭಾರವಾಗಿದ್ದವು. ಹಗುರ ಮಾಡುವಾಗ ಸದ್ದಿಲ್ಲದ ಭಾಗಗಳನ್ನು ಕತ್ತರಿಸುವ ಆಯ್ಕೆಯನ್ನೂ ಒತ್ತಿದೆ. ಒಂಬತ್ತು ನಿಮಿಷದ ಹಾಡು ನಾಲ್ಕೂವರೆ ನಿಮಿಷಕ್ಕೆ ಇಳಿಯಿತು. ಇಷ್ಟೊಂದು ಹೇಗೆ ಇಳಿಯಿತು ಎಂದು ಕೇಳಿಕೊಳ್ಳಬೇಕಿತ್ತು, ಖುಷಿಪಟ್ಟೆ. ಹೊಸ ಕಡತಗಳು ಅದೇ ಹೆಸರಿನಲ್ಲಿ ಹಳೆಯವುಗಳ ಮೇಲೆಯೇ ಕುಳಿತವು, ಹಳೆಯವು ಅಳಿಸಿಹೋದವು. ಪುಟದ ಲಿಂಕನ್ನು ಆರು ಜನರಿಗೂ ಕಳಿಸಿದೆ.

ಎರಡು ದಿನ ಬಿಟ್ಟು ಆ ಆರು ಜನರಲ್ಲಿ ಹಿರಿಯ ಹೆಂಗಸು ಫೋನ್ ಮಾಡಿದರು.

"ಅಲ್ಲವ್ವಾ, ನಿಮ್ಮ ದೊಡ್ಡಮ್ಮಗ ಏನಾಗೈತಿ? ಬಸ್ಸಿಗೆ ಓಡೋರಂಗ ಹಾಡ್ಯಾಳಲ್ಲ! ನಾವು ಬಾಯಿ ತೆಗಿಯೋದ್ರಾಗ ಮುಂದಿನ ಸಾಲು ಬರ್ತೈತಿ."

"ಇಲ್ಲರೀ, ನಾನೇ ನಡುವಿನದು ತೆಗೆದೀನಿ," ಎಂದೆ.

"ನಿನ್ನ ಕಂಪ್ಯೂಟರಿಗೆ ಉಸಿರು ಬ್ಯಾಡ. ನಮಗ ಬೇಕವ್ವಾ."

ಆಗ ಅರ್ಥವಾಯಿತು. ಪ್ರತಿ ಸಾಲಿನ ನಂತರ ದೊಡ್ಡಮ್ಮ ಬಿಟ್ಟಿದ್ದ ಮೌನ ಆ ಆರು ಜನರ ಪಾಲು. ದೊಡ್ಡಮ್ಮನ ಫೋನಿನಲ್ಲೂ ಮೂಲ ಇರಲಿಲ್ಲ. ಫೋನ್ ತುಂಬಿತೆಂದು ಅಳಿಸಿದ್ದರು. ಆಪರೇಷನ್ ಮುಗಿದಿತ್ತು. ಇನ್ನೊಮ್ಮೆ ಹಾಡಿಸುವಂತಿರಲಿಲ್ಲ. ಮದುವೆಗೆ ಎಂಟು ದಿನ ಉಳಿದಿತ್ತು.

ಮೊದಲು ಪ್ರತಿ ಸಾಲಿನಷ್ಟೇ ಉದ್ದದ ಖಾಲಿ ಜಾಗ ಸೇರಿಸಿ ನೋಡಿದೆ. ಡಾಕ್ಟರಿಗೆ ತೋರಿಸಿಕೊಂಡು ನಮ್ಮ ಮನೆಗೆ ಬಂದ ದೊಡ್ಡಮ್ಮ ಅದನ್ನು ಕೇಳಿ ತಲೆಯಾಡಿಸಿದರು. ಸರಿಯಿಲ್ಲ. ನಾನು ತಪ್ಪು ಒಪ್ಪಿಕೊಂಡೆ. ಅವರು ಕುರ್ಚಿ ಎಳೆದುಕೊಂಡು ಕುಳಿತರು.

ಅರ್ಧ ಗಂಟೆಯಲ್ಲಿ ಒಂದು ಪುಟ ಬರೆದೆ. ಅದರಲ್ಲಿ ಒಂದೇ ಗುಂಡಿ. ಒಂದು ಸಾಲು ಮುಗಿದ ಕೂಡಲೇ ಹಾಡು ನಿಲ್ಲುತ್ತದೆ. ಹಿಂದಿನವರು ಹಾಡಿ ಮುಗಿಸಿದರು ಎನಿಸಿದಾಗ ಗುಂಡಿ ಒತ್ತಬೇಕು. ಎಷ್ಟು ಹೊತ್ತಾಯಿತೆಂದು ಬ್ರೌಸರ್ ಬರೆದಿಟ್ಟುಕೊಳ್ಳುತ್ತದೆ. ದೊಡ್ಡಮ್ಮ ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು, ಹನ್ನೊಂದು ಪದಗಳಲ್ಲೂ ಆರು ಜನರ ಪಾಲನ್ನು ಮನಸ್ಸಿನಲ್ಲೇ ಹಾಡಿದರು. ಮಧ್ಯಾಹ್ನದ ಊಟಕ್ಕೆ ಮಾತ್ರ ಎದ್ದರು. ಸಂಖ್ಯೆಗಳನ್ನು ನೋಡಿದೆ: ಯಾವ ಎರಡು ಅಂತರಗಳೂ ಒಂದೇ ಆಗಿರಲಿಲ್ಲ. ಹೆಣ್ಣು ಒಪ್ಪಿಸುವ ಪದದ ಒಂದು ಸಾಲಿಗಂತೂ ದುಪ್ಪಟ್ಟು ಹೊತ್ತು ಬಿಟ್ಟಿದ್ದರು. ತಪ್ಪಾಯಿತೇ ಎಂದು ಅದರ ಮೇಲೆ ಬೆರಳಿಟ್ಟು ಕೇಳಿದೆ. ನನ್ನ ನೋಟ್‌ಬುಕ್ ಎಳೆದುಕೊಂಡು ಬರೆದರು: "ಅಲ್ಲಿ ಆಕಿ ಅಳ್ತಾಳ. ಸಾವರಿಸ್ಕೊಳ್ಳಾಕ ಬೇಕು." ಆಕೆ ಎಂದರೆ ಫೋನ್ ಮಾಡಿದ್ದ ಹಿರಿಯ ಹೆಂಗಸು. ಮಗಳನ್ನು ಹಚ್ಚೊಳ್ಳಿಗೆ ಮದುವೆ ಮಾಡಿ ಕೊಟ್ಟು ಎಷ್ಟೋ ವರ್ಷವಾಗಿದೆ.

ಅವರು ಒತ್ತಿದಷ್ಟೇ ಮೌನವನ್ನು ಹಾಡುಗಳಲ್ಲಿ ತುಂಬಿದೆ; ಆ ಸಂಖ್ಯೆಯನ್ನೂ ಹಾಗೇ ಬಿಟ್ಟೆ.

ಆ ಭಾನುವಾರ ಕುರುಗೋಡಿಗೆ ಹೋದೆ. ಫೋನನ್ನು ನಡುವೆ ಇಟ್ಟು ಹೆಂಗಸರು ಸುತ್ತ ಕುಳಿತಿದ್ದರು. ಅಂಗೈಯಗಲದ ಅದರೊಳಗಿಂದ ದೊಡ್ಡಮ್ಮನ ದನಿ ಎದ್ದಿತು, ಇವರು ಎತ್ತಿಕೊಂಡರು. ಪಕ್ಕದಲ್ಲಿದ್ದ ದೊಡ್ಡಮ್ಮನ ತುಟಿ ಅಲುಗಿತು.

"ಏ ಯಕ್ಕಾ, ಬಾಯಿ ಮುಚ್ಚು! ಡಾಕ್ಟರಿಗೆ ಹೇಳ್ತೀನಿ ನೋಡು," ಎಂದು ಹಿರಿಯಾಕೆ ಗದರಿದರು. ಎಲ್ಲರೂ ನಕ್ಕರು. ದೊಡ್ಡಮ್ಮ ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡರು.

ಮದುವೆಗೆ ನಾನು ಹೋಗಲಿಲ್ಲ. ಯಾರು ಯಾವ ಪದವನ್ನು ಎಷ್ಟು ಹೊತ್ತಿಗೆ ತೆರೆದರು ಎಂಬ ದಾಖಲೆ ಸರ್ವರಿನಲ್ಲಿರುತ್ತದೆ; ಕೆಲಸ ಬಿಟ್ಟು ಅದನ್ನೇ ನೋಡುತ್ತ ಕುಳಿತೆ. ಮುಂಜಾನೆ ಐದು ಗಂಟೆಯಿಂದ ಆರೂ ಜನರ ಫೋನುಗಳಲ್ಲಿ ಹೆಣ್ಣು ಒಪ್ಪಿಸುವ ಪದ ಮತ್ತೆ ಮತ್ತೆ ತೆರೆದಿತ್ತು. ಒಂಬತ್ತರ ನಂತರ ಏನೂ ಇಲ್ಲ. ಸೈಟೇ ನಿಂತುಹೋಗಿದೆಯೇ ಎಂದು ನೋಡಿದೆ, ನಡೆಯುತ್ತಿತ್ತು. ಹತ್ತಾಯಿತು, ಹನ್ನೊಂದಾಯಿತು. ತಡೆಯಲಾಗದೆ ಹಿರಿಯಾಕೆಗೆ ಫೋನ್ ಮಾಡಿದೆ.

"ಪುಟ ತೆರಿಲಿಲ್ಲೇನ್ರಿ?"

"ಎಲ್ಲೀದು! ಫೋನು ಇಷ್ಟೊತ್ತೂ ಚೀಲದಾಗ ಇತ್ತು. ಮೊದಲನೆ ಸಾಲು ನಾನೇ ಎತ್ತಿದೆ, ಬಂತು. ಈಗ ಫೋನ್ ಇಡವ್ವಾ, ಬಳಿ ತೊಡಿಸಾಕತ್ತಾರ, ನಾ ಹಾಡಬೇಕು."

ನಾನು ಕಟ್ಟಿದ ಪುಟಕ್ಕೆ ಯಾರೂ ಬರಲಿಲ್ಲವೆಂದು ಖುಷಿಪಟ್ಟದ್ದು ಅದೇ ಮೊದಲು.